ಹೆಸರು ಕೂಗಿದರೆ ಬರಬೇಕು

ತಗಡು ಹೊಡೆಯುವ ಐವತ್ತು ಟನ್ನಿನ ಪವರ್ ಪ್ರೆಸ್ಸು ಹೊಸದಾಗಿ ಬಂದಾಗ ಅದರ ಬೆಲೆ ನಾಲ್ಕು ಲಕ್ಷ. ಶೆಡ್ಡು ಮುಚ್ಚುವಾಗ ಅದನ್ನೇ ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಿ ಒಂದು ಲಕ್ಷದ ಮೇಲೆ ಸ್ವಲ್ಪ ಕೊಟ್ಟ. ಸಣ್ಣ ಪ್ರೆಸ್ಸುಗಳು, ಗ್ರೈಂಡಿಂಗ್ ಮಿಷನ್ನು, ಅಚ್ಚಿನ ಡೈಗಳಿದ್ದ ಕಬ್ಬಿಣದ ರ‍್ಯಾಕು ಎಲ್ಲ ಸೇರಿ ಬಂದ ದುಡ್ಡು ಬ್ಯಾಂಕಿನ ಬಾಕಿಗೂ ಕೆಲಸಗಾರರ ಲೆಕ್ಕ ಚುಕ್ತಾ ಮಾಡುವುದಕ್ಕೂ ಸರಿಹೋಯಿತು. ಶೆಡ್ಡಿನ ಅಡ್ವಾನ್ಸು ಆಗಲೇ ಬಾಡಿಗೆಯಲ್ಲಿ ಕರಗಿತ್ತು. ಇಪ್ಪತ್ತೆರಡು ವರ್ಷ ಪೀಣ್ಯದಲ್ಲಿ ಫ್ಯಾನಿನ ಬಿಡಿಭಾಗ ಹೊಡೆದುಕೊಟ್ಟ ಇರಣ್ಣನ ಪಾಲಿಗೆ ಕೊನೆಗೆ ಉಳಿದದ್ದು ಒಂದು ಕರಿ ನಾಯಿ. ಅದಕ್ಕೆ ಅವನು ಕಾಸು ಕೊಟ್ಟಿರಲಿಲ್ಲ. ಕಾಸು ಕೊಟ್ಟು ಒಯ್ಯುವವರೂ ಇರಲಿಲ್ಲ.

ಮರಿಯಾಗಿದ್ದಾಗ ಅದು ತಾನಾಗಿಯೇ ಶೆಡ್ಡಿಗೆ ನುಗ್ಗಿತ್ತು. ದೊಡ್ಡ ಪ್ರೆಸ್ಸಿನ ಬುಡ ಬೆಚ್ಚಗಿತ್ತು. ಅಲ್ಲೇ ಮಲಗಿತು, ಅಲ್ಲೇ ಬೆಳೆಯಿತು, ಒಂಬತ್ತು ವರ್ಷ ಅಲ್ಲೇ ಕಳೆಯಿತು. ಹೆಸರಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪ್ರೆಸ್ಸು ಓಡುತ್ತಿರುವಾಗ ಅಲ್ಲಿ ಮನುಷ್ಯರನ್ನೇ ಹೆಸರು ಹಿಡಿದು ಕೂಗಿ ಪ್ರಯೋಜನವಿರಲಿಲ್ಲ. ಚಹಾ ಬಂತೆಂದರೆ ಹೆಬ್ಬೆರಳು ಬಾಯಿಗೆ, ಮಿಷನ್ ನಿಲ್ಲಿಸೆಂದರೆ ಅಂಗೈ ಮೇಲಕ್ಕೆ. ನಾಯಿಗೂ ಅದೇ ಭಾಷೆ. ತೊಡೆ ತಟ್ಟಿದರೆ ಬರುತ್ತಿತ್ತು, ಬೆರಳು ಕೆಳಗೆ ಮಾಡಿದರೆ ಕೂರುತ್ತಿತ್ತು.

ಶೆಡ್ಡು ಹೋದ ಮೇಲೆ ಲಗ್ಗೆರೆಯ ಬಾಡಿಗೆ ಮನೆಯನ್ನೂ ಬಿಟ್ಟು ಇರಣ್ಣ ಮತ್ತು ಅವನ ಹೆಂಡತಿ ಗಂಗಮ್ಮ ಬ್ರೂಕ್‌ಫೀಲ್ಡಿನಲ್ಲಿದ್ದ ಮಗಳು ಶೀತಲ್‌ಳ ಫ್ಲ್ಯಾಟಿಗೆ ಬಂದರು. ನಾಯಿಯೂ ಬಂತು. ಶೆಡ್ಡನ್ನು ಹೊಸದಾಗಿ ಬಾಡಿಗೆಗೆ ಹಿಡಿದವನು ಗೋಡೌನು ಮಾಡುವವನಿದ್ದ. "ಕ್ಯಾಮೆರಾ ಹಾಕಿಸ್ತೀನಿ, ನಾಯಿ ಯಾಕಣ್ಣ?" ಎಂದಿದ್ದ. ಬಾಗಿಲಾಚೆ ಬಿಟ್ಟುಬಂದರೆ ಬೀದಿಯ ಹಿಂಡು ಅದನ್ನು ಉಳಿಸುತ್ತಿರಲಿಲ್ಲ. ವಯಸ್ಸಾದ ಮೇಲೆ ಹೊಸ ಜಾಗದಲ್ಲಿ ಕಾಲೂರುವುದು ಎಷ್ಟು ಕಷ್ಟವೆಂದು ಇರಣ್ಣನಿಗೂ ಆಗ ತಾನೇ ತಿಳಿಯುತ್ತಿತ್ತು.

ಬಂದು ಹದಿನೈದು ದಿನವಾಗಿರಬಹುದು, ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ವಿನಾಯಕ್ ಮನೆಗೆ ಬಂದರು. ತಗ್ಗಿದ ದನಿಯ, ಮರ್ಯಾದೆಯ ಮನುಷ್ಯ. ಚಹಾ ಕುಡಿಯುತ್ತಾ ಲಿಫ್ಟು, ಮಕ್ಕಳು, ಕಂಪ್ಲೇಂಟು ಎಂದು ಏನೇನೋ ಹೇಳಿದರು. ಇರಣ್ಣ ಎಲ್ಲದಕ್ಕೂ ತಲೆಯಾಡಿಸಿ "ಆಗ್ಲಿ ಸರ, ಆಗ್ಲಿ" ಅಂದ. ಕೇಳಿಸದ್ದಕ್ಕೆ ಒಪ್ಪಿಗೆ ಕೊಡುವುದು ಅವನ ಹಳೆಯ ರೂಢಿ. ಇದೇ ರೂಢಿಯಿಂದ ಪೀಣ್ಯದಲ್ಲಿ ಎಷ್ಟೋ ಸಲ ಗಿಟ್ಟದ ರೇಟಿಗೆ ಆರ್ಡರು ಹಿಡಿದು ಕೈ ಸುಟ್ಟುಕೊಂಡಿದ್ದ. ಇನ್ನೊಮ್ಮೆ ಹೇಳಿ ಎಂದು ಕೇಳುವುದಕ್ಕಿಂತ ನಷ್ಟವೇ ವಾಸಿ ಅನ್ನಿಸುತ್ತಿತ್ತು ಅವನಿಗೆ.

ವಿನಾಯಕ್ ಹೋದ ಮೇಲೆ ಗಂಗಮ್ಮ ಲೋಟ ಎತ್ತುತ್ತಾ ಕೇಳಿದಳು. "ಏನಂತ ಒಪ್ಕೊಂಡ್ರಿ, ಗೊತ್ತೈತೇನು?"

"ಏನ?"

"ಮುಂದಿನ ತಿಂಗಳ ಮೊದಲನೇ ಐತವಾರ ಕಮಿಟಿಯವರ ಮುಂದ ನಾಯಿನ್ನ ತಂದು ನಿಲ್ಲಸ್ಬೇಕಂತ. ನೀವು ದೂರ ನಿಂತು ಬರೇ ಹೆಸರು ಕೂಗ್ಬೇಕು. ಹಗ್ಗಿಲ್ಲ, ಬಿಸ್ಕೀಟಿಲ್ಲ, ಕೈ ಮಾಡೂಹಂಗಿಲ್ಲ. ಬಂತಂದ್ರ ಇಲ್ಲಿರ್ತೈತಿ. ಬರ್ಲಿಲ್ಲಂದ್ರ ಹೊರಗ ಹಾಕ್ಬೇಕು. ಎಲ್ಲಾದಕ್ಕೂ ಆಗ್ಲಿ ಆಗ್ಲಿ ಅಂದ್ರಿ."

"ಹೆಸರ?"

"ಹೂಂ, ಹೆಸರ. ಐತೇನು?"

ಇರಲಿಲ್ಲ.

ಸಂಜೆ ಶೀತಲ್ ಆಫೀಸಿನಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ ಮಾತು ಶುರುವಾಯಿತು. "ಶ್ಯಾಡೋ ಅಂತಿಡೋಣಪ್ಪಾ. ಇಲ್ಲಾಂದ್ರೆ ಮೋಚಾ."

"ಅದೇನು ಬಿಸ್ಕೀಟಿನ ಹೆಸರೇನು? ಕರಿಯಾ ಅಂದ್ರ ಸಾಕು."

"ಬೇಡಪ್ಪಾ. ನೀನು ಬಾಲ್ಕನೀಲಿ ನಿಂತು ಕರಿಯಾ ಅಂತ ಕೂಗಿದ್ರೆ ಕೆಳಗೆ ಯಾರಾದ್ರೂ ತಮಗೇ ಅಂದ್ಕೋತಾರೆ."

"ಹಂಗಾದ್ರ ಕರಿಬಸ್ಯಾ."

ಗಂಗಮ್ಮ ಲಟ್ಟಣಿಗೆ ಕೆಳಗಿಟ್ಟಳು. "ನಿಮ್ಮಪ್ಪನ ಹೆಸರು ಕರಿಬಸಪ್ಪ ಅನ್ನೂದು ಮರ್ತ್ರೇನ್ರಿ? ನಾ ದಿನಾ ಮಾವನ್ನ ಕರದು ತಂಗಳ ರೊಟ್ಟಿ ಹಾಕ್ಲೇನು?"

"ಭೈರ?"

"ದೇವ್ರು."

"ನೀನ ಹೇಳು ಮತ್ತ."

"ಕಾಡಿಗಿ ಅನ್ರಿ. ಡಬ್ಬ್ಯಾಗಿನ ಕಾಡಿಗಿ ಹಂಗ ಐತಿ, ನೋಡ್ರಿ."

ಮಗಳು ನಕ್ಕಳು. ಗಂಡು ನಾಯಿಗೆ ಗಡಸು ಹೆಸರು ಬೇಕು ಅಂದ ಇರಣ್ಣ. ಕಡೆಗೆ ಶ್ಯಾಡೋ ಗೆದ್ದಿತು.

ಮರುದಿನ ಬೆಳಿಗ್ಗೆ ಇರಣ್ಣ ಹಾಲ್‌ನ ಈ ತುದಿಯಲ್ಲಿ ನಿಂತು, ನಿಯಮದಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಲ್ಕನಿಯ ಕಂಬಿಗಳಾಚೆ ನೋಡುತ್ತ ಕೂತಿದ್ದ ನಾಯಿಯನ್ನು ಕೂಗಿದ. ಅದು ತಿರುಗಲಿಲ್ಲ. ಎರಡು ದಿನ ಕೂಗಿ, ಹೆಸರು ಹಿಡಿಸಿಲ್ಲವೆಂದು ಟೈಗರ್ ಎಂದು ಬದಲಾಯಿಸಿದ. ಆಮೇಲೆ ರಾಜಾ. ಆಮೇಲೆ ಭೀಮ. ಪ್ರತಿ ಹೆಸರೂ ಅದರ ಬೆನ್ನಿಗೆ ತಾಗಿ ನೆಲಕ್ಕೆ ಬಿದ್ದ ಹಾಗಿತ್ತು. ಊಟದ ಹೊತ್ತಿಗೆ ಮಾತ್ರ ತಾನೇ ಎದ್ದು ಬಂದು ಅವನ ಕಾಲಿಗೆ ಒರಗುತ್ತಿತ್ತು.

"ಸಿಟ್ಟು ಅದಕ್ಕ. ಶೆಡ್ಡು ಬಿಡಿಸಿದ್ನಲ್ಲ" ಅಂದ ಹೆಂಡತಿಗೆ.

"ಬಿಡಿಸ್ದೋರು ನೀವೇನು?"

ದಿನಾ ಹೊಸ ಹೆಸರು ಹುಡುಕಿ, ದಿನಾ ಸೋತು, ಇರಣ್ಣನಿಗೆ ಮೈಯೆಲ್ಲ ಭಾರವಾಗಿತ್ತು. ಆದರೂ ಇನ್ನಷ್ಟು ಜೋರಾಗಿ ಕೂಗಿದ. ಕೆಳಗಿನ ಮನೆಯವರು ಇಂಟರ್‌ಕಾಮಿನಲ್ಲಿ ಫೋನ್ ಮಾಡಿ, ಏನಾದರೂ ತೊಂದರೆಯಾಗಿದೆಯೇ ಎಂದು ವಿಚಾರಿಸಿದರು.

"ಅಪ್ಪಾ, ಎಷ್ಟು ಜೋರಾಗಿ ಕಿರುಚ್ತಿದೀಯ ಅಂತ ನಿಂಗೇ ಗೊತ್ತಾಗ್ತಿಲ್ಲ" ಅಂದಳು ಶೀತಲ್. "ಕಿವಿ ಟೆಸ್ಟ್ ಮಾಡ್ಸೋಣ ಅಂತ ಎಷ್ಟು ಸಲ ಹೇಳ್ಲಿ?"

"ನನ್ನ ಕಿವಿಗೇನಾಗೇತಿ? ಹೆಸರು ಸರಿ ಇಲ್ಲ."

ಕಮಿಟಿಯವರು ರೇಬೀಸ್ ಲಸಿಕೆಯನ್ನೂ ಕೇಳಿದ್ದರು. ಆ ಭಾನುವಾರಕ್ಕೆ ನಾಲ್ಕು ದಿನವಿರುವಾಗ ಇರಣ್ಣ ನಾಯಿಯನ್ನು ಹತ್ತಿರದ ಪಶುವೈದ್ಯೆ ಉಮಾಶ್ರೀಯ ಕ್ಲಿನಿಕ್ಕಿಗೆ ಕರೆದೊಯ್ದ. ಆಕೆ ಸೂಜಿ ಹಾಕಿ ಮುಗಿಸಿದರು. ಸ್ಟೀಲಿನ ತಟ್ಟೆ ಕೈಜಾರಿ ನೆಲಕ್ಕೆ ಬಿತ್ತು. ಹೊರಗೆ ಕಾಯುತ್ತಿದ್ದ ಬೆಕ್ಕು ಕೂಡ ಬೆದರಿತು, ಈ ನಾಯಿ ಕಣ್ಣು ಮಿಟುಕಿಸಲಿಲ್ಲ. ಆಕೆ ಅದರ ಹಿಂದೆ ಹೋಗಿ ಚಪ್ಪಾಳೆ ತಟ್ಟಿದರು. ಇನ್ನೂ ಹತ್ತಿರದಿಂದ ತಟ್ಟಿದರು. ಆಮೇಲೆ ಕಾಲಿನಿಂದ ನೆಲ ಗುದ್ದಿದರು. ಆಗ ತಿರುಗಿತು.

"ಇದಕ್ಕೆ ಕಿವಿ ಕೇಳ್ಸಲ್ಲ ಸಾರ್" ಅಂದರು, ಅವನ ಮುಖ ನೋಡಿ. "ಪೂರ್ತಿ ಹೋಗಿದೆ."

"ಹೆಸರು ಹೊಸದು ಮೇಡಂ. ಇನ್ನಾ ರೂಢಿ ಆಗಿಲ್ಲ."

"ಹೆಸರಿನ ವಿಷಯ ಅಲ್ಲ. ಎಲ್ಲಿ ಬೆಳೀತು ಇದು?"

ಹೇಳಿದ. ಆಕೆ ತಲೆ ತಗ್ಗಿಸಿ ಚೀಟಿ ಬರೆಯುತ್ತಾ ಇನ್ನೇನೋ ಅಂದರು. "ಆಗ್ಲಿ ಮೇಡಂ" ಅಂದ ಇರಣ್ಣ.

ಆಕೆ ತಲೆಯೆತ್ತಿದರು. "ಊಟಕ್ಕೆ ಏನ್ ಹಾಕ್ತೀರಿ ಅಂತ ಕೇಳ್ದೆ ಸಾರ್."

ಇರಣ್ಣ ಚೀಟಿ ತೆಗೆದುಕೊಂಡು ನಾಯಿಯ ಹಗ್ಗ ಹಿಡಿದ.

ಮನೆಗೆ ಬರುವ ದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಕೂತ. ನಾಯಿ ಅವನ ಪಾದಕ್ಕೆ ಮೈ ತಾಗಿಸಿ ಮಲಗಿತು. ನೀರಿನ ಟ್ಯಾಂಕರುಗಳು ಹಾರನ್ ಹೊಡೆಯುತ್ತ ಹೋದವು. ಇಷ್ಟು ದಿನ ಅದು ಸಿಟ್ಟಾಗಿರಲಿಲ್ಲ. ಒಂಬತ್ತು ವರ್ಷ ಜೊತೆಗಿದ್ದೂ ತನಗೆ ತಿಳಿಯಲಿಲ್ಲವಲ್ಲ ಎಂದುಕೊಂಡ. ಆ ಶೆಡ್ಡಿನಲ್ಲಿ ಯಾರಿಗೆ ಏನು ಕೇಳಿಸುತ್ತದೆ ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ಕಿವಿಗಿಡುವ ಬಿರಡೆಗಳ ಪೊಟ್ಟಣ ಒಂದು ಇತ್ತು, ಬಿಚ್ಚಿದವರಿಲ್ಲ.

ಗಂಗಮ್ಮ ಎಲ್ಲ ಕೇಳಿ ಒಂದು ಉಪಾಯ ಹೇಳಿದಳು. "ಬಾಯಿಲೆ ಹೆಸರು ಕೂಗ್ರಿ, ಕಾಲಿಲೆ ನೆಲಾ ಗುದ್ರಿ. ಯಾರಿಗೆ ತಿಳೀತೈತಿ?"

"ಅಲ್ಲಿ ಹುಲ್ಲೈತಿ. ಗುದ್ದಿದ್ರ ಅದಕ್ಕ ಮುಟ್ಟೂದಿಲ್ಲ."

ಭಾನುವಾರ ಹುಲ್ಲುಹಾಸಿನ ಹತ್ತಿರ ಮೂರು ಕುರ್ಚಿ ಹಾಕಿದ್ದರು. ವಿನಾಯಕ್ ಇದ್ದರು, ವಸಂತಮ್ಮ ಎನ್ನುವ ದಪ್ಪ ಕನ್ನಡಕದ ಹೆಂಗಸಿದ್ದರು, ಮೂರನೆಯವರು ಮೊಬೈಲು ನೋಡುತ್ತಿದ್ದರು. ನಾಯಿ ಹುಲ್ಲಿನ ಆ ತುದಿಯಲ್ಲಿ ಚೆಂಡಾಡುವ ಮಕ್ಕಳನ್ನು ನೋಡುತ್ತ ಕೂತಿತ್ತು. ಶೀತಲ್ ಅದರ ಪಕ್ಕ ಹಗ್ಗ ಬಿಚ್ಚಿ ನಿಂತಿದ್ದಳು. ವಿನಾಯಕ್ ಏನೋ ಹೇಳಿದರು. ಇರಣ್ಣನ ತಲೆ ಆಡತೊಡಗಿತ್ತು, ಅರ್ಧದಲ್ಲೇ ತಡೆದುಕೊಂಡ.

"ಸರ, ನನಗ ಕೇಳಸ್ಲಿಲ್ಲ. ಜೋರಾಗಿ ಹೇಳ್ರಿ."

"ಹೆಸರು ಕೂಗಿ ಅಂದೆ ಸಾರ್."

"ಕೂಗಿದ್ರ ಬರೂದಿಲ್ಲ. ಅದಕ್ಕ ಕಿವಿ ಇಲ್ಲ. ನನಗೂ ಭಾಳ ಇಲ್ಲ. ಇಬ್ರೂ ಒಂದ ಶೆಡ್ಡಿನಾಗ ದುಡದ್ವಿ. ನೀವು ಆವತ್ತು ಹೇಳಿದ್ದೂ ನನಗ ಕೇಳಿರ್ಲಿಲ್ಲ, ಸುಮ್ನ ಆಗ್ಲಿ ಅಂದೆ. ಕೈ ಮಾಡಿದ್ರ ಬರ್ತೈತಿ. ನೋಡೂದಿದ್ರ ನೋಡ್ರಿ."

ವಿನಾಯಕ್ ಪಕ್ಕಕ್ಕೆ ನೋಡಿದರು. "ರೂಲ್ಸಲ್ಲಿ ಹೆಸರು ಅಂತಿದೆ ಮೇಡಂ..."

"ನಮ್ಮೆಜಮಾನ್ರಿಗೆ ಕಿವಿ ಗಟ್ಟಿಯಾಗೇ ಇದೆ, ಕೂಗಿದ್ರೆ ಬರಲ್ಲ" ಅಂದರು ವಸಂತಮ್ಮ. "ಆಚೆಗೆ ಹಾಕಿದೀವೇನ್ರೀ? ಕೈ ಮಾಡ್ಲಿ ಬಿಡಿ."

ಇರಣ್ಣ ಕೈ ಎತ್ತಿದ. ನಾಯಿಯ ಕಣ್ಣು ಚೆಂಡಿನ ಮೇಲಿತ್ತು. ಕೈ ಎತ್ತಿಕೊಂಡೇ ನಿಂತ. ತೋಳು ನೋಯತೊಡಗಿತು. ಮೂರನೆಯವರು ಮೊಬೈಲಿನಿಂದ ತಲೆಯೆತ್ತಿ ಗಡಿಯಾರ ನೋಡಿದರು. ಆಗ ನಾಯಿ ತಾನಾಗಿ ಕತ್ತು ಹೊರಳಿಸಿ, ಇವನೆಲ್ಲಿದ್ದಾನೆಂದು ಹುಡುಕಿತು. ಇರಣ್ಣ ತೊಡೆ ತಟ್ಟಿದ. ಮಕ್ಕಳ ನಡುವೆ ಹಾದು, ಯಾರನ್ನೂ ಮೂಸದೆ, ನೇರ ಬಂದು ಅವನ ಮುಂದೆ ಕೂತಿತು.

ವಿನಾಯಕ್ ಷರತ್ತುಗಳನ್ನು ಜೋರಾಗಿ ಹೇಳಿದರು. ಹೊರಗೆ ಬಂದರೆ ಹಗ್ಗ ಇರಲೇಬೇಕು, ಸರ್ವಿಸ್ ಲಿಫ್ಟೇ ಬಳಸಬೇಕು. ಎರಡನೆಯದನ್ನು ಇರಣ್ಣ ಮತ್ತೊಮ್ಮೆ ಹೇಳಿಸಿಕೊಂಡ.

"ರಿಜಿಸ್ಟರ್‌ಗೆ ಹೆಸರು?"

ಇರಣ್ಣ ಹೆಂಡತಿಯ ಕಡೆ ನೋಡಿದ. ರೊಟ್ಟಿ ತಟ್ಟುವಾಗೆಲ್ಲ ಅವಳು ನಾಯಿಯೊಂದಿಗೆ ಮಾತಾಡುವುದು ಅವನಿಗೆ ಗೊತ್ತಿತ್ತು, ಡಾಕ್ಟರು ಹೇಳಿದ ಮೇಲೂ ನಿಲ್ಲಿಸಿರಲಿಲ್ಲ.

"ಕಾಡಿಗಿ ಅಂತ ಬರ್ಕೊಳ್ರಿ" ಅಂದಳು ಗಂಗಮ್ಮ.

"ಕೇಳ್ಸಲ್ಲ ಅಂದ್ರಲ್ಲಮ್ಮ?"

"ಅದಕ್ಕ ಕೇಳ್ಸೂದಿಲ್ಲ. ನನಗ ಕರಿಯಾಕ ಒಂದು ಬೇಕಲ್ರೀ."

ಮುಂದಿನ ವಾರ ಶೀತಲ್ ಹೇಳಿದ ಕಡೆ ಇರಣ್ಣ ಕಿವಿ ತೋರಿಸಿಕೊಂಡ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಪೀಣ್ಯದಲ್ಲಿ ನಾಯಿ ಎರಡು ಕಿವಿ ಕಳೆದುಕೊಂಡಿತು, ಇರಣ್ಣ ಒಂದೂವರೆ. ಶೆಡ್ಡು ಹೋಯಿತು. ನಾಯಿ ಮನೆಯಲ್ಲಿ ಉಳಿಯಿತು.