ಹದಿನಾರು ಅಂದರೆ ಹದಿನಾರೇ

ನಮ್ಮ ಯಜಮಾನರು ವೆಲ್ಡರ್. ಕೋಪ ಬಂದರೆ ಬಾಯಿ ಬಿಡುವುದಿಲ್ಲ, ಕಬ್ಬಿಣ ಬಡಿಯುತ್ತಾರೆ. ಅವತ್ತು ಬೀದಿಗೆಲ್ಲ ಕೇಳುವ ಹಾಗೆ ಬಡಿದರು. ಮಗಳು ಶಾಲೆಯ ಪ್ರಾಜೆಕ್ಟಿಗೆಂದು ತಾನೇ ಬೆಸುಗೆ ಹಾಕಿ ಪುಟ್ಟ ಕೈಪಂಪು ಮಾಡಿದ್ದಳು. ಅದಕ್ಕೆ ಟೀಚರ್ ಕೊಟ್ಟಿದ್ದು ಇಪ್ಪತ್ತಕ್ಕೆ ಹದಿನಾರು. ಪಕ್ಕದ ಬಡಾವಣೆಯ ಶಾಲೆಯಲ್ಲಿ ಕಂಡಕಂಡವರಿಗೆಲ್ಲ ಹತ್ತೊಂಬತ್ತು. ಪಾಲಿಟೆಕ್ನಿಕ್ ಸೀಟಿಗೆ ಈ ಅಂಕವೂ ಲೆಕ್ಕಕ್ಕೆ ಬರುತ್ತದೆ. ಸೀಟು ಕೈತಪ್ಪಿದರೆ ಏನು ಗತಿ ಎಂಬ ಭಯ ನನಗೂ ಇತ್ತು.

ಆ ಟೀಚರಿಗೆ ಮಕ್ಕಳು ಇಟ್ಟ ಹೆಸರು ಕತ್ತರಿ ಮೇಡಂ. ಒಂದು ಬೆಸುಗೆಯಲ್ಲಿ ನೀರು ಜಿನುಗುತ್ತದೆ ಎಂದು ಅಂಕ ಕತ್ತರಿಸಿದ್ದರು.

ಅದೇ ವಾರ ನನ್ನ ನಾದಿನಿ ಮನೆಗೆ ಬಂದಳು. ಅವಳೂ ಟೀಚರ್, ಬೇರೆ ಊರಿನಲ್ಲಿ. ಶಾಲೆಗಳು ಕೊಟ್ಟ ಅಂಕ ಸರಿಯಿದೆಯೇ ಎಂದು ನೋಡಲು ಹೊರಗಿನ ಪರಿಶೀಲಕರು ಬರುತ್ತಾರೆ, ನಮ್ಮ ಮಗಳ ಶಾಲೆಗೂ ಬರುತ್ತಾರೆ ಎಂದಳು.

"ಬರ್ತಾರೆ, ಟೀ ಕುಡೀತಾರೆ, ಸೈನ್ ಹಾಕಿ ಹೋಗ್ತಾರೆ," ಎಂದರು ಇವರು.

ನಾದಿನಿ ಬಿಡಲಿಲ್ಲ. "ಅಣ್ಣ, ನಾನೂ ಆ ಡ್ಯೂಟಿ ಮಾಡಿದೀನಿ, ಕೇಳು. ಜಾಸ್ತಿ ಅಂಕದ್ದು, ಕಡಿಮೆ ಅಂಕದ್ದು, ನಡುವಿಂದು ಅಂತ ಒಂದಷ್ಟು ಮಕ್ಕಳ ಕೆಲಸ ನಾವೇ ಆರಿಸ್ಕೋತೀವಿ. ಟೀಚರ್ ಎಷ್ಟು ಕೊಟ್ಟಿದಾರೆ ಅಂತ ನೋಡದೆ ನಾವೇ ಅಂಕ ಹಾಕ್ತೀವಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತೀವಿ. ಶಾಲೆ ಕೈ ಬಿಗಿ ಹಿಡಿದಿದ್ರೆ ಅಲ್ಲಿನ ಮಕ್ಕಳ ಅಂಕ ಏರುತ್ತೆ. ಧಾರಾಳ ಮಾಡಿದ್ರೆ ಇಳಿಯುತ್ತೆ. ಅಳತೆ ಎಲ್ಲ ಶಾಲೆಗೂ ಒಂದೇ."

ಇದನ್ನು ಕೇಳಿದ್ದೇ ತಡ, ಇವರಿಗೆ ಕೈ ತುರಿಸಿತು. ಪರಿಶೀಲಕರು ಬರುವ ಮೊದಲು ಪಂಪನ್ನು ಮನೆಗೆ ತಂದುಬಿಡು, ಆ ಬೆಸುಗೆ ಸರಿಮಾಡುವುದು ಚಿಟಿಕೆ ಹೊಡೆಯುವಷ್ಟರ ಕೆಲಸ ಎಂದು ಮಗಳಿಗೆ ಹೇಳಿದರು.

"ಬೇಡಪ್ಪ," ಎಂದಳು ಮಗಳು. "ನೀನು ಮುಟ್ಟಿದ್ರೆ ಅದು ನಿನ್ನ ಪಂಪು."

ಇವರು ಆ ಯೋಚನೆ ಕೈಬಿಟ್ಟರು. ನನಗೆ ಎದೆ ಉಬ್ಬಿತು, ಸೀಟಿನ ಭಯ ಮಾತ್ರ ಹೋಗಲಿಲ್ಲ.

ಪರಿಶೀಲಕರು ಬಂದರು. ಅವರು ಆರಿಸಿದ್ದರಲ್ಲಿ ಇವಳ ಪಂಪೂ ಇತ್ತು. ನೀರು ತುಂಬಿ, ಹಿಡಿ ಒತ್ತಿ, ಜಿನುಗುವ ಜಾಗಕ್ಕೆ ಬೆರಳಿಟ್ಟು ನೋಡಿದರಂತೆ. ಹೇಗೆ ಮಾಡಿದೆಯಮ್ಮ ಎಂದು ಮಗಳನ್ನೇ ಕೇಳಿದರಂತೆ. ಕೊನೆಗೆ ಅವರು ಹಾಕಿದ್ದೂ ಹದಿನಾರೇ! ನಮ್ಮ ಶಾಲೆಯಲ್ಲಿ ಒಂದು ಅಂಕವೂ ಅಲುಗಲಿಲ್ಲ ಎಂದು ಹೆಡ್‌ಮಾಸ್ಟರು ಪೋಷಕರ ಸಭೆಯಲ್ಲಿ ಹೇಳಿದರು. ಪಕ್ಕದ ಬಡಾವಣೆಯ ಹತ್ತೊಂಬತ್ತುಗಳು ಇಳಿದವು. ಪಾಪ, ಆ ಮಕ್ಕಳದೇನೂ ತಪ್ಪಿಲ್ಲ, ಅಲ್ಲಿನ ಅಳತೆ ಸಡಿಲವಾಗಿತ್ತು ಅಷ್ಟೆ.

ಮಗಳಿಗೆ ಸೀಟು ಸಿಕ್ಕಿತು. ಇವರು ಕೆಲಸದ ಬಟ್ಟೆಯಲ್ಲೇ ಶಾಲೆಗೆ ಹೋಗಿ ಕತ್ತರಿ ಮೇಡಂ ಎದುರು ನಿಂತರು.

"ನೀವು ಒಂದು ಅಂಕ ಜಾಸ್ತಿ ಕೊಟ್ಟಿದ್ರೆ ನಂಗೆ ಇಷ್ಟು ಹೆಮ್ಮೆ ಆಗ್ತಿರ್ಲಿಲ್ಲ ಮೇಡಂ."

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಶಾಲೆಗೆ ಪರಿಶೀಲಕರು ಬಂದರೆ ಹೆದರಬೇಡಿ. ಮಕ್ಕಳ ಕೆಲಸಕ್ಕೆ ನೀವು ಕೈ ಹಾಕಬೇಡಿ, ಅಂಕಕ್ಕಾಗಿ ಟೀಚರಿಗೆ ದುಂಬಾಲು ಬೀಳಬೇಡಿ. ಮಗು ಮಾಡಿದ್ದನ್ನು ಮಾಡಿದ ಹಾಗೇ ಮುಂದಿಡಿ. ಆಗ ಬಂದ ಅಂಕವನ್ನು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳಬಹುದು. ನಾನಂತೂ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದೇನೆ, ನನ್ನ ಮಗಳಿಗೆ ಹದಿನಾರು ಬಂದಿದೆ ಎಂದು.