ಲೋಟಕ್ಕೆ ಲಕ್ಷ ಕಣ

ಕೊತ್ತಗೆರೆಯ ಓಬಳಮ್ಮ ನೀರು ಮುಟ್ಟದೆ ಎರಡು ದಿನವಾಗಿತ್ತು. ಅದಕ್ಕೆ ಕಾರಣ ಮಗ ಶಿವರಾಜನೇ. ಕುಣಿಗಲ್ಲಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನಿಗೆ ಬಾಯಿ ಸುಮ್ಮನಿರಬೇಕಲ್ಲ.

ಅವನ ಮಗಳು ಕೋಮಲಾ, ಹತ್ತನೇ ಕ್ಲಾಸಿನ ಹುಡುಗಿ, ಡೆಂಗಿ ಜ್ವರದಲ್ಲಿ ತೀರಿಕೊಂಡಿದ್ದಳು. ತಾಯಿಯಿಲ್ಲದ ಅವಳನ್ನು ಸಾಕಿದ್ದು ಅಜ್ಜಿ ಓಬಳಮ್ಮ. ಕೋಮಲಾಳನ್ನು ಹೊಲದಂಚಿನಲ್ಲಿ ಸುಟ್ಟು, ಬೂದಿಯನ್ನು ಮಾರ್ಕೋನಹಳ್ಳಿ ಡ್ಯಾಮಿಗೆ ಬಿಟ್ಟು ಬಂದರು. “ಎಲ್ಲೋದ್ಲೋ ನನ್ ಕೂಸು” ಎಂದು ಅವ್ವ ಗೋಡೆಗೆ ತಲೆ ಚಚ್ಚಿಕೊಳ್ಳುವುದನ್ನು ನೋಡಲಾಗದೆ ಶಿವರಾಜ ಬಾಯಿಬಿಟ್ಟ.

“ಎಲ್ಲೂ ಹೋಗಿಲ್ಲ ಕಣವ್ವ. ಒಂದು ಲೋಟ ನೀರ್ನಲ್ಲಿರೋ ಕಣ ಎಷ್ಟು ಗೊತ್ತಾ? ಆರರ ಮುಂದೆ ಇಪ್ಪತ್ನಾಲ್ಕು ಸೊನ್ನೆ. ಪ್ರಪಂಚದ ಸಮುದ್ರಾನೆಲ್ಲ ಲೋಟದಲ್ಲಿ ಅಳೆದ್ರೂ ಅಷ್ಟು ಲೋಟ ಆಗಲ್ಲ. ಅವಳ ಮೈನಲ್ಲಿದ್ದ ನೀರು ಆವಿಯಾಗಿ ಮೋಡ ಸೇರ್ತು, ಮಳೆಯಾಗಿ ಬೀಳುತ್ತೆ. ಏಳು ಸಮುದ್ರದಲ್ಲಿ ಕಲೆತೋದ್ರೂ ಲೋಟಕ್ಕೆ ಲಕ್ಷ ಕಣ ಅವಳದೇ ಸಿಗುತ್ತೆ.”

ಹಾಗೆ ಕಲೆಯಲು ಸಾವಿರ ವರ್ಷ ಬೇಕೆಂಬುದನ್ನು ಮಾತ್ರ ನುಂಗಿಕೊಂಡ. ಆ ಲೆಕ್ಕ ಅವನಿಗೂ ಬೇಕಾಗಿತ್ತು. ಇಷ್ಟು ಸಣ್ಣ ಚೂರುಗಳಿಂದಾದ ಲೋಕದಲ್ಲಿ ಯಾರೂ ಪೂರ್ತಿ ಕಳೆದುಹೋಗಲಾರರು ಎಂದು ನಂಬಿ, ಮಗಳು ಹೋದಂದಿನಿಂದ ನೀರು ಕುಡಿಯುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದು ಸಂಜೆಯೇ ಜೋರು ಮಳೆ. ಮಾರನೆಯ ಬೆಳಗ್ಗೆ ನೀರಿನ ಲೋಟ ಎತ್ತಿದ ಓಬಳಮ್ಮ ಬೆಚ್ಚಿ ಕೆಳಗಿಟ್ಟಳು.

“ಎತ್ತಾಡ್ಸಿದ ಕೂಸ್ನ ನಾನೇ ಕುಡೀಲೇನ್ಲಾ?”

ಬೋರ್‌ವೆಲ್ ನೀರು ತಂದ, ಅಂಗಡಿಯ ಬಾಟಲಿ ತಂದ, ಎಳನೀರು ಕೆತ್ತಿಸಿದ. “ಏಳು ಸಮುದ್ರಕ್ಕೆ ಹೋಗೋಳು ಇದ್ರೊಳಕ್ಕೆ ಬರಲ್ವಾ?” ಎಂದಳು. ಸಾವಿರ ವರ್ಷದ ಮಾತನ್ನೂ ಹೇಳಿ ನೋಡಿದ. “ಮೊನ್ನೆ ಸುರಿದ ಮಳೆಗೆ ಸಾವಿರ ವರ್ಷ ಆಯ್ತಾ?”

ಮೂರನೆಯ ದಿನಕ್ಕೆ ನಾಲಿಗೆ ಒಣಗಿ ಕಣ್ಣು ಗುಳಿಬಿದ್ದವು. ಆಸ್ಪತ್ರೆಗೆ ಹೊರಡಿಸಲು ಹೋದರೆ ಮಂಚದ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಡ್ರಿಪ್ಸೂ ನೀರೇ ಅಲ್ವೇನ್ಲಾ?”

ಶಿವರಾಜ ಅವಳ ಪಕ್ಕದಲ್ಲಿ ಕುಸಿದು ಕೂತ.

“ಅವ್ವ, ನಾನು ಹೇಳಿದ್ದು ಸುಳ್ಳು. ನಿನ್ನ ಸಮಾಧಾನಕ್ಕೆ ಕಟ್ಟಿದ ಕತೆ. ಕೋಮಲಾ ನೀರ್ನಲ್ಲಿಲ್ಲ. ಎಲ್ಲೂ ಇಲ್ಲ.”

“ಒಂದು ಕಣಾನೂ?”

“ಒಂದೂ ಇಲ್ಲ.”

ಮುದುಕಿ ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಲೋಟ ತೆಗೆದುಕೊಂಡು ಗಟಗಟನೆ ಕುಡಿದಳು. ಅರ್ಧ ನೀರು ಸೀರೆಗೆ ಚೆಲ್ಲಿತು. ಚೊಂಬಿನಿಂದ ಇನ್ನೊಂದು ಲೋಟ ಬಗ್ಗಿಸಿ ಮಗನ ಮುಂದೆ ಹಿಡಿದಳು.

“ಹಂಗಾದ್ರೆ ಹೋದ್ಲು ಬುಡು. ನೀನೂ ಕುಡಿ.”

ಅವಳು ನೋಡುತ್ತಲೇ ಇದ್ದಳು. ಶಿವರಾಜ ಕಣ್ಣು ಮುಚ್ಚದೆ ಕುಡಿದ.