ಪ್ರಾಸ ಕಟ್ಟಿ ಬೈದ ದಿನ

“ಬಾಯಿ ನೋಡಿದ್ರೆ ಗಟಾರ, ಮೈ ನೋಡಿದ್ರೆ ಮೂಟೆ,
ಕೂದಲು ನೋಡಿದ್ರೆ ಪೊರಕೆ, ಇದೇನಾ ನನ್ನ ಬೇಟೆ?”

ಚಿಕ್ಕ ಯಜಮಾನ ಒಂದೇ ಉಸಿರಿಗೆ ಹೇಳಿ ಮುಗಿಸಿ ಮೈಕನ್ನು ಗಿರ್ರನೆ ತಿರುಗಿಸಿದ. ಮುಂದಿನ ಕುರ್ಚಿಗಳಲ್ಲಿ ಕೂತ ನೆಂಟರು, ಮ್ಯಾನೇಜರುಗಳು ಶಿಳ್ಳೆ ಹೊಡೆದರು. ಹಿಂದೆ ನೆಲದ ಮೇಲೆ ಕೂತ ಹೆಂಗಸರೂ ಚಪ್ಪಾಳೆ ತಟ್ಟಿದರು. ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದ, ತಟ್ಟದೆ ವಿಧಿಯಿರಲಿಲ್ಲ.

ಬೈಸಿಕೊಂಡ ಗಿರಣಿಯೂ ತಟ್ಟಿದಳು. ಹೊಲಿಗೆ ಕಾರ್ಖಾನೆಯಲ್ಲಿ ಸಿದ್ಧ ಅಂಗಿಗಳ ದಾರ ಕತ್ತರಿಸುವ ಅವಳಿಗೆ ಆ ಹೆಸರು ಬಂದದ್ದು ಬಾಯಿಯಿಂದ. ಕಾಳಿರಲಿ ಬಿಡಲಿ, ಅದು ತಿರುಗುತ್ತಲೇ ಇರುತ್ತಿತ್ತು. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಚಿಕ್ಕ ಯಜಮಾನನಿಗೆ ರ‍್ಯಾಪ್ ಪಂದ್ಯ ಬೇಕಾಗಿತ್ತು: ಇಬ್ಬರು ಎದುರುಬದುರು ನಿಂತು ಪ್ರಾಸ ಕಟ್ಟಿ ಬೈದಾಡುವುದು. ಅವನನ್ನು ಬೈಯಲು ಯಾರಿಗೆ ಧೈರ್ಯ? ಹೆಂಗಸರೆಲ್ಲ ಸೇರಿ ಗಿರಣಿಯನ್ನು ಮುಂದೆ ತಳ್ಳಿದ್ದರು. ನಲ್ಲಿಯ ಮುಂದೆ ದಿನಾ ಮಾಡುವ ಜಗಳವೇ ತಾನೇ ಎಂದು ಅವಳೂ ಉಬ್ಬಿ ಒಪ್ಪಿದ್ದಳು. ಈಗ ನೋಡಿದರೆ ವೇದಿಕೆ ಇಳಿಯುವ ಮೆಟ್ಟಿಲು ಎಲ್ಲಿದೆ ಎಂದು ಹುಡುಕುತ್ತಿದ್ದಳು.

“ಸೋತು ಇಳಿ, ಅಷ್ಟೆ,” ಎಂದಿದ್ದ ಸೂಪರ್‌ವೈಸರ್. “ಜಾಸ್ತಿ ಆಡಿದ್ರೆ ನಾಳೆ ಗೇಟಿನ ಹೊರಗೆ ಬೊಗಳ್ತಿರ್ತೀಯ.”

ಅವಳು ಬಾಯಿ ತೆರೆದೊಡನೆ ಮೈಕು ಕಿರ್ರೆಂದಿತು.

“ನೋಡಿ, ನನ್ನ ನಾತಕ್ಕೆ ಇದೂ ಅಳ್ತಿದೆ.”

ಎಲ್ಲರೂ ನಕ್ಕರು. ಚಿಕ್ಕ ಯಜಮಾನನ ಹಾಗೆ ಮಾತಿನ ಗುಂಡು ಹಾರಿಸಲು ಅವಳಿಗೆ ಬರುತ್ತಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಒಂದೊಂದೇ ಮಾತು ತೆಗೆದಿಟ್ಟಳು.

“ಗಟಾರ ಅಂದ್ಯಲ್ಲ ಮಗಾ, ಸರಿಯಾಗೇ ಅಂದೆ;
ನಾತ ತಡೀದೆ ಗಂಡನೂ ಮಲಗ್ತಾನೆ ಗೋಡೆ ಹಿಂದೆ.”

ಕುರ್ಚಿಗಳು ಬಿದ್ದು ಬಿದ್ದು ನಕ್ಕವು. ತನ್ನ ಕೆಲಸವನ್ನು ಇವಳೇ ಮಾಡುತ್ತಿದ್ದಾಳಲ್ಲ ಎಂದು ಚಿಕ್ಕ ಯಜಮಾನನೂ ನಕ್ಕ.

“ಮೂಟೆ ಅಂದೆ, ಅದೂ ದಿಟ, ಇಳಿಸೋಕಿಲ್ಲ ಹೊತ್ತು;
ಉಚ್ಚೆ ಕಟ್ಕೊಂಡ್ ಕೂತಿದೀನಿ ಬೆಳಗಿಂದ ಇಷ್ಟೊತ್ತು.”

ಕುರ್ಚಿಗಳ ನಗು ಅರ್ಧಕ್ಕೇ ನಿಂತಿತು. ನೆಲದ ಮೇಲಿದ್ದವರ ತಲೆ ತಗ್ಗಿತು. ಕಕ್ಕಸಿನ ಬೀಗದಕೈ ಸೂಪರ್‌ವೈಸರನ ಜೇಬಿನಲ್ಲಿರುತ್ತಿತ್ತು. ಅವನ ಮನಸ್ಸಾದಾಗ ಹೊರಗೆ ಬರುತ್ತಿತ್ತು. ಹೋದ ವಾರ ಗಿರಣಿಯ ನಾದಿನಿ ತಡೆಯಲಾರದೆ ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಿದ್ದಳು. ಸೂಪರ್‌ವೈಸರ್ ಎಲ್ಲರೆದುರು ಅವಳ ದುಪಟ್ಟಾದಿಂದಲೇ ಅವಳ ಕೈಲಿ ನೆಲ ಒರೆಸಿಸಿದ್ದ. ಅಂದಿನಿಂದ ಅವಳು ಯಾರ ಮುಖವನ್ನೂ ನೋಡಿರಲಿಲ್ಲ.

ಗಿರಣಿ ನಾಲಿಗೆ ಕಚ್ಚಿಕೊಂಡಳು. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ, ಎಲ್ಲಾ ಬಿಟ್ಟು ಹುಣ್ಣಿನ ಮೇಲೇ ಕೈ ಇಟ್ಟೆನಲ್ಲ ಎಂದುಕೊಂಡಳು. ಮೈಕು ಕೆಳಗಿಡಲು ಹೋದಳು.

ಅಷ್ಟರಲ್ಲಿ ನಾದಿನಿ ತಲೆಯೆತ್ತಿದಳು. “ಹೇಳು ಅತ್ತಿಗೆ, ನಿಲ್ಲಿಸಬೇಡ.” ಗಿರಣಿ ಮೈಕನ್ನು ಮತ್ತೆ ಬಾಯಿಗೆ ಹಿಡಿದಳು.

“ಕಕ್ಕಸಿಗೆ ಬೀಗ ಜಡಿದು ಬೀಗದಕೈ ಜೇಬಲ್ಲಿ;
ನೀನು ತೊಟ್ಟ ಅಂಗಿ ಹೊಲಿದಿದ್ದು ಕಟ್ಟಿದ ಉಚ್ಚೆ ನೋವಲ್ಲಿ.”

ಮೈಕು ಸತ್ತುಹೋಯಿತು. ಯಾರೋ ತಂತಿ ಕಿತ್ತಿದ್ದರು. ಹಿಂದಿನವರಿಗೆ ಪೂರ್ತಿ ಕೇಳಿಸಲಿಲ್ಲ. ನಾದಿನಿ ಹಿಂದಕ್ಕೆ ತಿರುಗಿ ಅದನ್ನೇ ಕೂಗಿ ಹೇಳಿದಳು. ಅಲ್ಲಿಂದ ಇನ್ನೊಬ್ಬಳು ಇನ್ನೂ ಹಿಂದಕ್ಕೆ ದಾಟಿಸಿದಳು. ಗೋಡೆಯವರೆಗೆ ಹೋದ ಮಾತು ನಗುವಾಗಿ, ಕೇಕೆಯಾಗಿ ವಾಪಸು ಬಂತು. ಕುರ್ಚಿಯವರು ಕತ್ತು ತಿರುಗಿಸಿ ನೋಡಬೇಕಾಯಿತು. ಚಿಕ್ಕ ಯಜಮಾನ ಕಲಿತು ತಂದಿದ್ದ ಮುಂದಿನ ಸಾಲುಗಳನ್ನು ಪಟಪಟನೆ ಒದರಿದ. ಅವನಮ್ಮನೂ ಕೇಳಿಸಿಕೊಳ್ಳಲಿಲ್ಲ.

ಸೂಪರ್‌ವೈಸರ್ ಮೇಲೆ ಹತ್ತಿದ. “ಇಳಿಯೇ ಮುಂಡೆ. ನಾಳೆಯಿಂದ ಈ ಕಡೆ ತಲೆ ಹಾಕಿದ್ರೆ ನೋಡು.”

ಗಿರಣಿ ಇನ್ನೊಂದು ಪ್ರಾಸಕ್ಕೆ ತಡಕಾಡಿದಳು. ತಲೆ ಖಾಲಿಯಾಗಿತ್ತು, ತುಂಬಿದ್ದು ಕೆಳಹೊಟ್ಟೆ ಮಾತ್ರ.

“ಹೇಳೋದು ಮುಗೀತು ಸಾರ್. ಹೋಗೋದೊಂದೇ ಬಾಕಿ.”

ವೇದಿಕೆ ಇಳಿದು, ಕುರ್ಚಿಗಳ ನಡುವೆಯೇ ಹಾದು, ಯಜಮಾನರ ಆಫೀಸಿನ ಗಾಜಿನ ಬಾಗಿಲು ತಳ್ಳಿಕೊಂಡು ಅವರ ಕಕ್ಕಸಿಗೆ ಹೋಗಿ ಒಳಗಿನಿಂದ ಅಗುಳಿ ಹಾಕಿದಳು. ಕನ್ನಡಿಯಲ್ಲಿ ಪೊರಕೆಯಂಥ ಕೂದಲು ಕಂಡಿತು; ಹುಡುಗ ಸುಳ್ಳು ಹೇಳಿರಲಿಲ್ಲ. ಹೊರಗೆ ನುಣುಪು ನೆಲದ ಮೇಲೆ ಹೆಂಗಸರ ಚಪ್ಪಲಿಗಳು ಸರಿದಾಡುವ ಸದ್ದು ಹೆಚ್ಚುತ್ತಲೇ ಹೋಯಿತು. ಆಮೇಲೆ ಸೂಪರ್‌ವೈಸರ್ ಬಾಗಿಲು ಬಡಿಯತೊಡಗಿದ.

“ಸಾಲಲ್ಲಿ ಬನ್ನಿ ಸಾರ್,” ಎಂದಳು ನಾದಿನಿ.